ಮೈಲೇಜು ಕೊಡದ ಕಾರು

ನಮ್ಮ ಮನೆಯಲ್ಲಿ ಅಪ್ಪನದು ಎನ್ನುವ ಒಂದು ಜಾಗವೇ ಇರಲಿಲ್ಲ. ಇದು ಈಗ ಹೊಳೆಯುವ ಮಾತು. ಆಗ ಅಪ್ಪ ಯಾಕೆ ಸದಾ ಮೆಟ್ಟಿಲ ಮೇಲೋ, ಬಾವಿಕಟ್ಟೆಯ ಮೇಲೋ, ಬಾಗಿಲಿಗೆ ಒರಗಿಯೋ ಇರುತ್ತಾರೆ ಎನ್ನುವುದು ನನಗೆ ಅರ್ಥವಾಗುತ್ತಿರಲಿಲ್ಲ. ಅವರಿಗೆ ಸೆಕೆ ಜಾಸ್ತಿ ಎಂದುಕೊಂಡಿದ್ದೆ. ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದ ಆ ಹಂಚಿನ ಮನೆ ನನ್ನ ಅಜ್ಜಿಯದು, ಅಂದರೆ ಅಮ್ಮನ ಅಮ್ಮನದು. ಅಜ್ಜಿಗೆ ಅದು ಅವಳ ಅಮ್ಮನಿಂದ ಬಂದದ್ದು. ನಮ್ಮಲ್ಲಿ ಮನೆ ಹೆಂಗಸರ ಕೈಯಿಂದ ಹೆಂಗಸರ ಕೈಗೇ ಹೋಗುವುದು. ಗಂಡಸರು ಬಂದು ಸೇರಿಕೊಳ್ಳುವವರು. ಚಾವಡಿಯಲ್ಲಿ ಅಮ್ಮನ ಹೊಲಿಗೆ ಮೆಷಿನ್ನು, ಅದರ ಸುತ್ತ ಊರ ಹೆಂಗಸರ ರವಿಕೆ ಬಟ್ಟೆಗಳ ರಾಶಿ. ಒಳಕೋಣೆಯಲ್ಲಿ ಅಜ್ಜಿಯ ಮಂಚ, ಅಜ್ಜಿಯ ಪೆಟ್ಟಿಗೆ, ಅಜ್ಜಿಯ ಎಲೆಅಡಿಕೆ ತಟ್ಟೆ. ಅಡುಗೆಮನೆ ಇಬ್ಬರದೂ ಹೌದು, ಅದಕ್ಕೇ ಅಲ್ಲಿ ದಿನಾ ಯುದ್ಧ. ನನ್ನ ಪಾಲಿಗೆ ಕಿಟಕಿಯ ಕೆಳಗೆ ಒಂದು ಮೂಲೆ ಸಿಕ್ಕಿತ್ತು, ಅಲ್ಲಿಗೆ ಯಾರು ಕಾಲಿಟ್ಟರೂ ನಾನು ರಂಪ ಮಾಡುತ್ತಿದ್ದೆ. ಅಪ್ಪನ ಅಂಗಿಗಳು ಅಮ್ಮನ ಕಪಾಟಿನ ಹಿಂದೆ ಒಂದು ಮೊಳೆಗೆ ನೇತಾಡುತ್ತಿದ್ದವು.

ಅಪ್ಪ ಅಜೆಕಾರಿನ ಗದ್ದೆ ಮನೆಯವರು. ಮದುವೆಯಾಗಿ ಕಡಲ ಬದಿಗೆ ಬಂದವರು ಮಲ್ಪೆ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕರಾಗಿದ್ದರು. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದರು, ಬೈಕು ಚೆನ್ನಾಗಿಯೇ ಇತ್ತು. ಅಂಥವರು ಒಂದು ಮಳೆಗಾಲ ಕಳೆದದ್ದೇ ತಡ, ಯಾರಿಗೂ ಹೇಳದೆ ಕೇಳದೆ, ಬೈಕು ಕೊಟ್ಟು ಒಂದು ಹಳೆಯ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಅದು ಎಷ್ಟು ಜನರ ಕೈ ದಾಟಿ ಬಂದಿತ್ತೋ, ಅಪ್ಪನಿಗೂ ಗೊತ್ತಿರಲಿಲ್ಲ. ಬಣ್ಣ ಬಿಳಿಯೋ ಕೆನೆಯೋ ಎನ್ನುವುದರ ಬಗ್ಗೆ ನಮ್ಮಲ್ಲಿ ಕೊನೆಯವರೆಗೂ ಒಮ್ಮತ ಮೂಡಲಿಲ್ಲ. ಓಡಿದ ದೂರ ತೋರಿಸುವ ಮೀಟರು ಸತ್ತುಹೋಗಿತ್ತು. ಎ.ಸಿ. ಮಾತ್ರ ಹೊಸದರ ಹಾಗೆ ತಣ್ಣಗೆ ಬೀಸುತ್ತಿತ್ತು, ಅಪ್ಪ ಅದನ್ನೇ ದೊಡ್ಡದಾಗಿ ಹೇಳಿಕೊಂಡರು. ಅಜ್ಜಿ ಮೆಟ್ಟಿಲಿಳಿದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸಬೇಕಾಗಿದೆ, ಅವರು ಕ್ಷಮಿಸಲಿ.

"ಬೈಕಿಗೆ ಎಂತ ಆಗಿತ್ತು?" ಎಂದು ಕೇಳಿದಳು ಅಜ್ಜಿ.

"ಎಂತದೂ ಇಲ್ಲ."

"ಮತ್ತೆ ಇದು ಯಾಕೆ?"

"ಮಳೆಗೆ ಆಯ್ತು ಅಂತ."

ಮಳೆ ಆಗಷ್ಟೇ ಮುಗಿದಿತ್ತು. ಅಜ್ಜಿ ಆಕಾಶ ನೋಡಿದಳು, ಕಾರು ನೋಡಿದಳು, ಅಳಿಯನನ್ನು ನೋಡಿದಳು, ಒಳಗೆ ಹೋದಳು. ನಾನು ಮಾತ್ರ ಕುಣಿದಾಡಿದೆ. ಅಪ್ಪ ಸಂಜೆ ಕೆಲಸದಿಂದ ಬಂದರೆ ಚಹಾದ ಲೋಟ ಹಿಡಿದುಕೊಂಡು ಹೋಗಿ ಕಾರಿನಲ್ಲೇ ಕೂರುತ್ತಿದ್ದರು, ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಹೋಗುವುದು ಎಲ್ಲಿಗೂ ಇಲ್ಲ, ಸುಮ್ಮನೆ ಕೂರುವುದು. ಅಪ್ಪ ಬೆನ್ನು ಪೂರ್ತಿ ಊರಿ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ.

ಆದರೆ ಕಾರು ಪೆಟ್ರೋಲು ಕುಡಿಯುತ್ತಿತ್ತು. ಕಾಪುವಿನಿಂದ ಮಲ್ಪೆ ಎಷ್ಟು ದೂರ ಎನ್ನುವುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿದ್ದ ಸಂಗತಿ. ಹೆದ್ದಾರಿಯಲ್ಲಿ ನೇರ ಹೋಗಿ, ಉಡುಪಿಯಲ್ಲಿ ತಿರುಗಿದರೆ ಬಂದರು. ಅಷ್ಟು ಓಡಾಟಕ್ಕೆ ಅಷ್ಟು ಪೆಟ್ರೋಲು ಹೇಗೆ ಮುಗಿಯುತ್ತದೆ ಎನ್ನುವುದು ಯಾರ ತಲೆಗೂ ಹತ್ತಲಿಲ್ಲ. ಮೊನ್ನೆ ತುಂಬಿಸಿದರೆ ಇವತ್ತು ಪೆಟ್ರೋಲಿನ ಮುಳ್ಳು ಕೆಳಗೆ. ಅಮ್ಮ ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದಳು, ಅಪ್ಪ "ಹಳೆ ಎಂಜಿನ್ ಅಲ್ವಾ" ಎಂದು ಬಾವಿಕಟ್ಟೆಗೆ ಹೋಗುತ್ತಿದ್ದರು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಅಜ್ಜಿ ತೀರ್ಪು ಕೊಟ್ಟಳು.

"ಪತ್ತನಾಜೆವರೆಗೆ ನೋಡುವಾ. ಅಷ್ಟರಲ್ಲಿ ಇದರ ಕುಡಿತ ಬಿಡಿಸಿದ್ರೆ ಸರಿ. ಇಲ್ಲದಿದ್ರೆ ನನ್ನ ಅಂಗಳದಿಂದ ಹೊರಗೆ. ಬೈಕು ತಗೊಳ್ಳಿ, ಬಸ್ಸು ಉಂಟು, ಎಂತ ಬೇಕಾದ್ರೂ ಮಾಡಿ."

ಪತ್ತನಾಜೆ ಅಂದರೆ ಬೇಸಿಗೆಯ ಕೊನೆಗೆ ಭೂತಕೋಲದವರೂ ಯಕ್ಷಗಾನದ ಆಟದವರೂ ಗೆಜ್ಜೆ ಬಿಚ್ಚಿಡುವ ದಿನ. ಅಜ್ಜಿಯ ಎಲ್ಲ ಗಡುವುಗಳೂ ಆ ದಿನಕ್ಕೇ ಬಂದು ನಿಲ್ಲುತ್ತಿದ್ದವು. ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಆಯ್ತು" ಎಂದರು. ಕಾರು ಹೋದರೆ ಅಪ್ಪ ಮತ್ತೆ ಮೆಟ್ಟಿಲ ಮೇಲೆ ಕೂರಬೇಕಲ್ಲ ಎಂದು ನನಗೆ ಅನ್ನಿಸಿತ್ತು. ಅಷ್ಟು ಮಟ್ಟಿಗೆ ನಾನು ಸರಿಯಾಗಿಯೇ ಯೋಚಿಸಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಚಿಕಿತ್ಸೆ. ಊರಿನಲ್ಲಿ ಕಾರು ಇಲ್ಲದವರಿಗೂ ಮೈಲೇಜಿನ ಬಗ್ಗೆ ಅಭಿಪ್ರಾಯ ಇರುತ್ತದೆ ಎನ್ನುವುದು ಆಗ ತಿಳಿಯಿತು. ಕಿಟಕಿ ಮುಚ್ಚಿ ಓಡಿಸಿ, ತೆರೆದರೆ ಗಾಳಿ ಹಿಡಿದು ನಿಲ್ಲಿಸುತ್ತದೆ ಎಂದರು ಒಬ್ಬರು. ಕಿಟಕಿ ತೆರೆದೇ ಓಡಿಸಿ, ಮುಚ್ಚಿದರೆ ಎ.ಸಿ. ಹಾಕಬೇಕಾಗುತ್ತದೆ, ಅದೇ ಪೆಟ್ರೋಲು ಕುಡಿಯುವುದು ಎಂದರು ಇನ್ನೊಬ್ಬರು. ನಿಧಾನ ಹೋಗಿ ಎಂದವರುಂಟು, ನಿಧಾನವೇ ತಪ್ಪು, ಮೇಲಿನ ಗೇರಿನಲ್ಲಿ ಒಂದೇ ಹದದಲ್ಲಿ ಹೋಗಿ ಎಂದವರುಂಟು. ಮಣಿಪಾಲದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಉಡುಪಿಯವರೆಗೆ ಪುಕ್ಕಟೆ ಬರಬಹುದು ಎಂದು ನಮ್ಮ ನೆರೆಮನೆಯವರು ಹೇಳಿದಾಗ ನಾನು ಕೇಳಿದೆ, ಮಲ್ಪೆಗೆ ಹೋಗುವ ಅಪ್ಪ ಮಣಿಪಾಲಕ್ಕೆ ಯಾಕೆ ಹೋಗಬೇಕು ಎಂದು. ಅಪ್ಪ ತಟ್ಟನೆ, "ಉದಾಹರಣೆಗೆ ಹೇಳಿದ್ದು ಅವರು" ಎಂದರು. ನನಗೆ ಉದಾಹರಣೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದೆ.

ಭಾರ ಇಳಿಸಬೇಕು ಎಂದು ಯಾರೋ ಹೇಳಿದ ದಿನ ಡಿಕ್ಕಿ ತೆರೆದೆವು. ನಮ್ಮದು ಏನನ್ನೂ ಬಿಸಾಡದ ಮನೆ. ಮನೆಯಲ್ಲಿ ಜಾಗ ಸಾಲದ್ದೆಲ್ಲ ಸದ್ದಿಲ್ಲದೆ ಕಾರಿಗೆ ವಲಸೆ ಹೋಗಿತ್ತು. ಎಣ್ಣೆ ಮಿಲ್ಲಿಗೆಂದು ಅಜ್ಜಿ ಇಟ್ಟ ಕೊಬ್ಬರಿ ಮೂಟೆ, ಅಮ್ಮನ ಚಿಂದಿ ಬಟ್ಟೆಯ ಗಂಟು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಚಕ್ರಕ್ಕೆ ಅಡ್ಡ ಇಡುವ ಒಂದು ದೊಡ್ಡ ಕಲ್ಲು. ಎಲ್ಲ ಇಳಿಯಿತು. ಕಾರಿನ ಮಾಡಿನ ಮೇಲಿದ್ದ ಕಬ್ಬಿಣದ ಕ್ಯಾರಿಯರ್ ಬಿಚ್ಚಿದರು. ಇನ್ನು ಇಳಿಸಲಿಕ್ಕೆ ಉಳಿದದ್ದು ನಾವು ಮಾತ್ರ. ಭಾನುವಾರ ದೇವಸ್ಥಾನಕ್ಕೆ ಹೊರಟಾಗ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವಳು ಯಾಕೆ ಬರುದು? ಭಾರ ಅಲ್ವಾ?" ಎಂದು ತಮಾಷೆ ಮಾಡಿದಳು. ನಾನು ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದೆ. ಬೂತಾಯಿ ಮೀನಿನ ಸಾರು ಇದ್ದ ದಿನವೂ ಬಾಯಿ ಕಟ್ಟಿ ಕೂತೆ. ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಕಾರು ಉಳಿಸುವುದಕ್ಕೆ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ನಗುತ್ತಾರೆ.

ಕಾಪು ಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದ ಗಿರಿಯಣ್ಣ ಬಂದು ಎಂಜಿನ್ನಿಗೆ ಗಾಳಿ ಸೋಸುವ ಜಾಲರಿ ಬಿಚ್ಚಿದಾಗ ಅದರೊಳಗಿಂದ ಕಡಲ ಮರಳು ಉದುರಿತು. ಎಲ್ಲರೂ ಅದನ್ನೇ ಅಪರಾಧಿ ಎಂದುಕೊಂಡೆವು. ಆಮೇಲೆ ಅವರು ನನಗೆ ಒಂದು ಕೆಲಸ ಕೊಟ್ಟರು: ಕಾರು ಓಡಿ ಬಂದು ನಿಂತ ಕೂಡಲೇ ಪ್ರತಿ ಚಕ್ರದ ನಡುಭಾಗಕ್ಕೆ ಕೈಯಿಟ್ಟು ನೋಡಬೇಕು, ಯಾವುದು ಬಿಸಿಯೋ ಅದರ ಬ್ರೇಕು ಹಿಡಿದುಕೊಂಡಿದೆ ಎಂದರ್ಥ. ಉಪ್ಪುಗಾಳಿಗೆ ತುಕ್ಕು ಹಿಡಿದರೆ ಹಾಗಾಗುತ್ತದೆ, ಅಪ್ಪ ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ, ಕಾರು ಹಗ್ಗ ಕಟ್ಟಿಸಿಕೊಂಡು ಓಡಿದ ಹಾಗೆ. ಸಂಜೆ ಅಪ್ಪ ಬರುವುದನ್ನೇ ಕಾದು ನಾನು ನಾಲ್ಕೂ ಚಕ್ರಗಳ ಜ್ವರ ನೋಡುತ್ತಿದ್ದೆ. ಹಿಂದಿನ ಒಂದು ಚಕ್ರ ನಿಜಕ್ಕೂ ಸುಡುತ್ತಿತ್ತು. ಗಿರಿಯಣ್ಣ ಅದನ್ನು ಬಿಚ್ಚಿ ಉಜ್ಜಿ ಸರಿ ಮಾಡಿದರು. ಆಮೇಲೆ ನಾನೊಬ್ಬಳೇ ತಳ್ಳಿದರೂ ಕಾರು ಅಂಗಳದಲ್ಲಿ ಜರುಗುತ್ತಿತ್ತು. ಶನಿವಾರಗಳಂದು ಚಕ್ರದ ಒಳಗೆ ಕೆಂಪು ಮಣ್ಣು ಹತ್ತಿರುತ್ತಿತ್ತು. ನಮ್ಮ ಕಡಲ ಬದಿಯಲ್ಲಿ ಬಿಳಿ ಹೊಯ್ಗೆ ಬಿಟ್ಟರೆ ಬೇರೆ ಮಣ್ಣಿಲ್ಲ. ಕೇಳಿದರೆ ಅಪ್ಪ, ಉಡುಪಿಯಲ್ಲಿ ರಸ್ತೆ ಅಗೆದಿದ್ದಾರೆ ಎನ್ನುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಪೆಟ್ರೋಲು ಮೊದಲಿನ ಹಾಗೆಯೇ ಮುಗಿಯುತ್ತಿತ್ತು. ನನಗೆ ಅಳು ಬರುವಷ್ಟು ಗೊಂದಲವಾಗಿತ್ತು. ಮೀಟರು ಸರಿ ಮಾಡಿಸಿದರೆ ನಿಜ ಗೊತ್ತಾಗುತ್ತದೆ ಎಂದು ಅಮ್ಮ ಹೇಳಿದರೆ ಅಪ್ಪ, "ಅದರ ಸಾಮಾನು ಸಿಕ್ಕುದಿಲ್ಲವಂತೆ" ಎನ್ನುತ್ತಿದ್ದರು. ಮೀಟರಿನ ಹೊಸ ವಯರು ಸುಲಭದಲ್ಲಿ ಸಿಗುತ್ತದೆ ಎಂದು ಗಿರಿಯಣ್ಣ ನನ್ನ ಎದುರೇ ಹೇಳಿದ್ದರು. ಯಾರದು ಸರಿ ಎಂದು ತಿಳಿಯದೆ ಇಬ್ಬರನ್ನೂ ನಂಬಿದೆ.

ಇಲ್ಲಿ ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಜೆಕಾರಿನಲ್ಲಿ ಅಪ್ಪನಿಗೆ ಒಬ್ಬಳೇ ತಂಗಿ, ನನ್ನ ಅತ್ತೆ. ಅಪ್ಪನ ಅಮ್ಮ ತೀರಿಕೊಂಡು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ದಿನ ನಮ್ಮ ಕಾಪುವಿನ ಕಡೆಯವರನ್ನು ಎರಡನೆಯ ಪಂಕ್ತಿಗೆ ಕೂರಿಸಿದರು ಎಂದು ಅಮ್ಮ ಅಡುಗೆಮನೆಯಲ್ಲಿ ಗೊಣಗಿದಳಂತೆ. ಅತ್ತೆ ಸೌಟು ಹಿಡಿದುಕೊಂಡೇ ತಿರುಗಿ, "ಕಾಪುವಿನವರಿಗೆ ನನ್ನ ಅಣ್ಣನನ್ನು ಕೊಟ್ಟದ್ದು ಸಾಲದಾ, ಊಟವೂ ಮೊದಲು ಬೇಕಾ?" ಎಂದಳಂತೆ. ಅಮ್ಮ ಊಟ ಮಾಡದೆ ಹೊರಟು ನಿಂತಳು. ಇನ್ನು ನಾನಾಗಲಿ ನನ್ನವರಾಗಲಿ ಈ ಅಂಗಳ ತುಳಿಯುವುದಿಲ್ಲ, ಇಲ್ಲಿಯ ನೀರು ಮುಟ್ಟುವುದಿಲ್ಲ, ನಾನಂತೂ ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ದೈವದ ಹೆಸರಿನಲ್ಲಿ ಆಣೆ ಹಾಕಿದಳು. ಅತ್ತೆಯೂ ಬಿಡಲಿಲ್ಲ, ನಿನ್ನ ಹತ್ತಿರ ಮಾತಾಡಿದರೆ ನನಗೂ ಅದೇ ಆಣೆ ಎಂದಳು. ನಮ್ಮಲ್ಲಿ ಆಣೆ ಅಂದರೆ ಬಾಯಿಮಾತಲ್ಲ. ಅದನ್ನು ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ದೈವದ ಮುಂದೆ ನಿಲ್ಲಬೇಕು. ಒಟ್ಟಿಗೆ ನಿಲ್ಲಬೇಕಾದರೆ ಮೊದಲು ಇಬ್ಬರೂ ಮಾತಾಡಿ ಒಪ್ಪಬೇಕು. ಮಾತಾಡಿದರೆ ಆಣೆ ಮುರಿಯುತ್ತದೆ. ಇದರ ಬಾಲ ಎಲ್ಲಿ, ತಲೆ ಎಲ್ಲಿ ಎಂದು ನಾನು ಎಷ್ಟೋ ಸಲ ಹುಡುಕಿದ್ದೇನೆ. ಅಪ್ಪ ಕಾರು ತಂದರಲ್ಲ, ಅದಕ್ಕೆ ಮೊದಲಿನ ಮಳೆಗಾಲದಲ್ಲಿ ಅತ್ತೆಯ ಗಂಡ, ಅಂದರೆ ನನ್ನ ಮಾವ, ತೀರಿಕೊಂಡಿದ್ದರು. ನಾವು ಹೋಗಲಿಲ್ಲ. ಅಪ್ಪ ಮಾತ್ರ ಹೋಗಿ ರಸ್ತೆಯಲ್ಲೇ ನಿಂತು ಚಟ್ಟ ಹೋಗುವುದನ್ನು ನೋಡಿ ಒದ್ದೆಯಾಗಿ ವಾಪಸು ಬಂದಿದ್ದರು.

ಪತ್ತನಾಜೆ ಹತ್ತಿರವಾಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಗಿರಿಯಣ್ಣ ತಾವಾಗಿಯೇ ಬಂದು, ಇನ್ನು ಬಾಟಲಿ ಪರೀಕ್ಷೆ ಒಂದೇ ಉಳಿದದ್ದು ಎಂದರು. ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಪೈಪು ತಪ್ಪಿಸಿ, ಸರಿಯಾಗಿ ಒಂದು ಲೀಟರು ಪೆಟ್ರೋಲು ತುಂಬಿದ ಬಾಟಲಿಯನ್ನು ಬಾನೆಟ್ಟಿನೊಳಗೆ ಟ್ಯೂಬಿನ ರಬ್ಬರಿನಿಂದ ಕಟ್ಟಿ, ಅದರಿಂದಲೇ ಕಾರು ಓಡಿಸುವುದು. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಒಂದು ಲೀಟರಿನ ಓಟ. ಅಪ್ಪ, ಇವತ್ತು ಬೇಡ, ಬಿಸಿಲು ಎಂದರು. ಅಮ್ಮ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ನಾನೂ ಹತ್ತಿದೆ. ಹಿಂದಿನ ದಿನವಿಡೀ ಕಡಿಮೆ ತಿಂದದ್ದು ಒಳ್ಳೆಯದೇ ಆಯಿತು ಎಂದು ಸಮಾಧಾನಪಟ್ಟುಕೊಂಡೆ.

ಕಾಪು ಪೇಟೆ ದಾಟಿತು. ಕಟಪಾಡಿ ಬಂತು, ಕಾರು ಓಡುತ್ತಲೇ ಇತ್ತು. ಉದ್ಯಾವರದ ಸೇತುವೆ ಬರುವಾಗ ನಾನು ಕೈಮುಗಿದೆ. ಅದೂ ದಾಟಿತು. ಗಿರಿಯಣ್ಣ ತೊಡೆ ತಟ್ಟಿಕೊಳ್ಳತೊಡಗಿದರು. ಉಡುಪಿ ಪೇಟೆಯ ಗದ್ದಲವನ್ನು ನುಸುಳಿ, ಕಲ್ಸಂಕ ಬಿಟ್ಟು, ಮಣಿಪಾಲದ ಕಡೆಗೆ ಏರು ಶುರುವಾಗುವಲ್ಲಿಗೆ ಬಂದು ಕಾರು ಕೆಮ್ಮಿ ನಿಂತಿತು. ಗಿರಿಯಣ್ಣ ಇಳಿದು ಬಾನೆಟ್ ತೆಗೆದು ಬಾಟಲಿಯನ್ನು ಮೇಲೆತ್ತಿ ತೋರಿಸಿದರು.

"ಎಂತ ಓಟ ಮಾರಾಯ್ರೆ! ಈ ಪ್ರಾಯದ ಕಾರಿಗೆ ಇದಕ್ಕಿಂತ ಹೆಚ್ಚು ಯಾರೂ ಕೊಡ್ಲಿಕ್ಕಿಲ್ಲ."

"ಹಾಗಾದ್ರೆ ಕಾರಿಗೆ ಎಂತದೂ ಆಗ್ಲಿಲ್ವಾ?" ಎಂದಳು ಅಮ್ಮ.

"ಎಂತದೂ ಇಲ್ಲ ಅಕ್ಕ. ಕಲ್ಲಿನ ಹಾಗೆ ಉಂಟು."

ನಾನು ಚಪ್ಪಾಳೆ ತಟ್ಟಿದೆ. ಕಾರು ಗೆದ್ದಿತು, ಅಪ್ಪ ಗೆದ್ದರು, ಅಜ್ಜಿ ಇನ್ನು ಏನೂ ಹೇಳುವ ಹಾಗಿಲ್ಲ. ಆದರೆ ಅಪ್ಪ ಸ್ಟೀರಿಂಗ್ ಬಿಡದೆ ಮುಂದಿನ ಗಾಜನ್ನೇ ನೋಡುತ್ತಿದ್ದರು. ಅಮ್ಮ ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ನಗುತ್ತಿದ್ದ ಗಿರಿಯಣ್ಣ ಇಬ್ಬರ ಮುಖ ನೋಡಿ, ಏನೋ ತಪ್ಪಾಯಿತೆಂದು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಪರೀಕ್ಷೆಯಲ್ಲಿ ಪಾಸಾಗಿ ಬಂದವರನ್ನು ಬೈದ ಹಾಗೆ ಇದೆಂಥದು ಎಂದು ನನಗೆ ದಿಕ್ಕೇ ತಪ್ಪಿತು.

ಮಧ್ಯಾಹ್ನ ಅಮ್ಮ ಬಡಿಸಿದಳು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಎಲ್ಲ ತಟ್ಟೆಗೆ ಬಿದ್ದ ಮೇಲೆ ಅಪ್ಪನ ಎದುರು ನಿಂತು ಕೇಳಿದಳು.

"ಯಾರು ಅವಳು?"

ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವ ಬದಲು ಯಾರು ಎಂದು ಯಾಕೆ ಕೇಳುತ್ತಾಳೆ ಎನ್ನುವುದು ನನಗೆ ತಿಳಿಯಲಿಲ್ಲ. ಅಜ್ಜಿಗೆ ತಿಳಿದಿರಬೇಕು, ಅವಳು ನನ್ನನ್ನು ಹೊರಗೆ ಕಳುಹಿಸಲು ಕೈಮಾಡಿದಳು. ನಾನು ಕೂತಲ್ಲೇ ಕೂತೆ.

"ಯಾವ ಅವಳು ಮಾರಾಯ್ತಿ? ನನ್ನ ತಂಗಿ," ಎಂದರು ಅಪ್ಪ. "ಶನಿವಾರ ಪ್ಲಾಂಟಿನಿಂದ ಹಾಗೇ ಮಣಿಪಾಲ, ಹಿರಿಯಡ್ಕ ಆಗಿ ಅಜೆಕಾರಿಗೆ ಹೋಗ್ತೇನೆ."

ಅಮ್ಮ ಬಾಗಿಲು ಹಿಡಿದು ನಿಂತಳು. ಮಾತಾಡಿದ್ದು ಅಜ್ಜಿ.

"ಅಲ್ಲಿ ನೀರು ಕುಡಿದ್ರಾ?"

"ಇಲ್ಲ."

"ಅಂಗಳಕ್ಕೆ ಕಾಲಿಟ್ರಾ?"

"ಇಲ್ಲ. ಕಾರಿನಿಂದ ಇಳಿಯುದೇ ಇಲ್ಲ. ರಸ್ತೆಯಲ್ಲಿ ನಿಲ್ಲಿಸ್ತೇನೆ, ಅವಳು ಬಂದು ಹಿಂದೆ ಕೂತ್ಕೊಳ್ತಾಳೆ. ಬಿಸಿಲು ಅಂತ ಎ.ಸಿ. ಹಾಕ್ತೇನೆ. ಅವಳು ಮಾತಾಡಿ ಮುಗಿಯುವವರೆಗೆ ಎಂಜಿನ್ ಓಡ್ತಾ ಇರ್ತದೆ."

"ಫೋನ್ ಮಾಡ್ಲಿಕ್ಕೆ ಆಗುದಿಲ್ವಾ?"

"ಫೋನಿನಲ್ಲಿ ಬರೀ ಅಳುದು ಅವಳು. ಎದುರು ಇದ್ರೆ ಮಾತಾಡ್ತಾಳೆ." ಅಪ್ಪ ಅನ್ನ ನೋಡುತ್ತಲೇ ಹೇಳಿದರು. "ಬೈಕಿನಲ್ಲಿ ಹೋದ್ರೆ ನಾನು ರಸ್ತೆಯಲ್ಲಿ, ಅವಳು ಅಂಗಳದಲ್ಲಿ. ಗಂಡ ಹೋದ ಮೇಲೆ ಅವಳನ್ನು ಎಲ್ಲಿ ಕೂರಿಸಿ ಮಾತಾಡಿಸುದು ನಾನು? ಇಲ್ಲಿಗೆ ಕರ್ಕೊಂಡು ಬರ್ಲಿಕ್ಕೆ ಉಂಟಾ?"

ಅಪ್ಪ ಯಾಕೆ ಕಾರು ತಂದರು ಎನ್ನುವುದು ಅಲ್ಲಿಗೆ ನಮಗೆಲ್ಲ ಗೊತ್ತಾಯಿತು, ನನಗೂ. ಆದರೆ ಗೊತ್ತಾದ ಮೇಲೆ ಗೊಂದಲ ಇನ್ನೂ ಹೆಚ್ಚಿತು. ಅಪ್ಪ ಆಣೆ ಮುರಿದರೇ, ಇಲ್ಲವೇ? ನೀರು ಮುಟ್ಟಲಿಲ್ಲ, ಅಂಗಳ ತುಳಿಯಲಿಲ್ಲ. ಕಾರಿನ ಹಿಂದಿನ ಸೀಟು ಯಾರ ಅಂಗಳ? ಕಾಪುವಿನದೋ, ಅಜೆಕಾರಿನದೋ? ಅಜ್ಜಿಗೂ ಇದೇ ಪ್ರಶ್ನೆ ಬಂದಿರಬೇಕು, ಯಾಕೆಂದರೆ ಎರಡು ದಿನ ಎಲೆಅಡಿಕೆ ಜಗಿಯುತ್ತ ಕಾರನ್ನೇ ದಿಟ್ಟಿಸುತ್ತಿದ್ದಳು. ಕೊನೆಗೆ ಹೇಳಿಬಿಟ್ಟಳು.

"ಪತ್ತನಾಜೆಗೆ ಕಾಯುದು ಬೇಡ. ಈ ವಾರವೇ ಕೊಡುವಾ ಇದನ್ನು. ದೈವದ ಹತ್ರ ಹೀಗೆ ಸಂದಿಯಲ್ಲಿ ನುಸುಳುವ ಕೆಲಸ ಆಗ್ಲಿಕ್ಕಿಲ್ಲ."

ಅಪ್ಪ ವಾದ ಮಾಡಲಿಲ್ಲ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಅಜ್ಜಿಯ ಮೇಲೆ ಸಿಟ್ಟಿನಿಂದ ಕಿರುಚಿದೆ, ಏನು ಕಿರುಚಿದೆನೋ ನೆನಪಿಲ್ಲ. ಅಮ್ಮ ಮೆಷಿನ್ನಿನ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಕಾಲು ಪೆಡಲಿನ ಮೇಲೆ ಇತ್ತು ಅಷ್ಟೆ.

"ಒಂದು ಸಲ ನಾನು ಹೋಗಿ ನೋಡ್ತೇನೆ," ಎಂದಳು. "ಆಮೇಲೆ ಕೊಡುದಾ ಬಿಡುದಾ ಹೇಳ್ತೇನೆ."

ಮುಂದಿನ ಶನಿವಾರ ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ನನ್ನನ್ನು ಯಾಕೆ ಕರೆದುಕೊಂಡು ಹೋದಳೋ, ಆಗ ಕೇಳಲಿಲ್ಲ, ಆಮೇಲೆ ಕೇಳಿದರೂ ಅವಳು ಸರಿಯಾಗಿ ಹೇಳಲಿಲ್ಲ. ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ಬಂಡೆಗಳು ಕಾಣುವವರೆಗೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಅಪ್ಪ ಎಂದಿಗಿಂತ ನಿಧಾನವಾಗಿ ಓಡಿಸಿದರು. ಇದು ಮೈಲೇಜಿಗಾಗಿಯೋ ಹೆದರಿಕೆಗೋ ನನಗೆ ತಿಳಿಯಲಿಲ್ಲ. ಅಜೆಕಾರಿನಲ್ಲಿ ಒಂದು ಹಲಸಿನ ಮರದ ಕೆಳಗೆ, ಗದ್ದೆಯ ಬದಿಯ ಕೆಂಪು ಮಣ್ಣಿನ ರಸ್ತೆಯಲ್ಲಿ ಕಾರು ನಿಂತಿತು. ಅಪ್ಪ ಎಂಜಿನ್ ಆಫ್ ಮಾಡಲಿಲ್ಲ. ಆಚೆ ಅಂಗಳದಿಂದ ಅತ್ತೆ ಸೀರೆಗೆ ಕೈ ಒರೆಸಿಕೊಳ್ಳುತ್ತ ಬೇಗ ಬೇಗ ಬಂದಳು. ನಾನು ಅವಳನ್ನು ನೋಡಿದ್ದು ತುಂಬ ಸಣ್ಣವಳಿದ್ದಾಗ. ಈಗ ಅವಳ ಕೈಗಳಲ್ಲಿ ಬಳೆಯಿರಲಿಲ್ಲ, ಮುಖ ಅಪ್ಪನದೇ. ಹಿಂದಿನ ಬಾಗಿಲು ತೆರೆದವಳು ಒಳಗೆ ನನ್ನನ್ನು ನೋಡಿದಳು, ಆಮೇಲೆ ಮುಂದೆ ಕೂತ ಅಮ್ಮನ ಬೆನ್ನನ್ನು ನೋಡಿದಳು. ಕೈ ಹಿಂದೆ ತೆಗೆದಳು.

ಅಮ್ಮ ತಿರುಗಲಿಲ್ಲ. ಗಾಜಿನ ಕಡೆಗೇ ಮುಖ ಮಾಡಿ ನನ್ನ ಹೆಸರು ಹಿಡಿದು ಕರೆದಳು.

"ಅತ್ತೆಗೆ ಹೇಳು, ಹೊರಗೆ ಬಿಸಿಲು ಉಂಟು ಅಂತ."

ಅತ್ತೆ ಮೊಳ ದೂರದಲ್ಲಿ ನಿಂತಿದ್ದಳು, ಅವಳಿಗೆ ಕೇಳಿಸಿರಲೇಬೇಕು. ಆದರೂ ನಾನು ಹೇಳಿದೆ, ಹೊರಗೆ ಬಿಸಿಲು ಉಂಟಂತೆ.

"ನಿನ್ನ ಅಮ್ಮನಿಗೆ ಹೇಳು, ನನಗೆ ಬಿಸಿಲು ಅಭ್ಯಾಸ ಆಗಿದೆ."

ನಾನು ಅದನ್ನೂ ಹೇಳಿದೆ. ಆಗಲೇ ನನಗೆ ಈ ಆಟದ ನಿಯಮ ಅರ್ಥವಾದದ್ದು. ಅವರಿಬ್ಬರೂ ಮಾತಾಡುವ ಹಾಗಿಲ್ಲ, ನಾನು ಮಾತಾಡಬಹುದು. ಇವತ್ತಿಗೂ ಯಾರ ಮನೆಯಲ್ಲಿ ಇಬ್ಬರು ಮುಖ ತಿರುಗಿಸಿ ಕೂತರೂ ನೆಂಟರು ನನಗೆ ಫೋನು ಮಾಡುತ್ತಾರೆ, ಬಂದು ನಡುವೆ ಕೂತುಕೋ ಎನ್ನುತ್ತಾರೆ. ನಾನು ಬೈದುಕೊಂಡೇ ಹೋಗುತ್ತೇನೆ. ಹೋಗದೆ ಇರಲು ನನಗೆ ಬರುವುದಿಲ್ಲ.

"ಹಿಂದೆ ಜಾಗ ಉಂಟು ಅಂತ ಹೇಳು," ಎಂದಳು ಅಮ್ಮ.

ನಾನು ಹೇಳುವ ಮೊದಲೇ ಸರಿದು ಜಾಗ ಮಾಡಿದೆ. ಅತ್ತೆ ಬಹಳ ಹೊತ್ತು ನಿಂತಿದ್ದು ಕೊನೆಗೆ ಹತ್ತಿದಳು. ಬಾಗಿಲು ಮುಚ್ಚಿತು. ಅಮ್ಮ ಎದುರಿನ ಚಿಕ್ಕ ಕನ್ನಡಿಯಲ್ಲಿ ಅತ್ತೆಯನ್ನು ನೋಡುತ್ತಿದ್ದಳು, ಅದು ನನಗೆ ಕಾಣುತ್ತಿತ್ತು. ಅತ್ತೆ ತೊಡೆಯ ಮೇಲಿಟ್ಟುಕೊಂಡಿದ್ದ ತನ್ನ ಬರಿಯ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕಾರು ಆಮೇಲೆ ಬಹಳ ಕಾಲ ನಮ್ಮ ಅಂಗಳದಲ್ಲಿತ್ತು, ತುಕ್ಕು ತಿಂದು ಬಾಗಿಲು ಕಳಚುವವರೆಗೂ ಅದನ್ನು ಮಾರುವ ಮಾತು ಯಾರೂ ಎತ್ತಲಿಲ್ಲ. ಆದರೆ ಆ ಹೊತ್ತಿಗೆ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಏನು ಹೇಳುತ್ತಾಳೋ, ಅದನ್ನು ಹೇಳಲು ನನಗೆ ಬರುತ್ತದೋ ಇಲ್ಲವೋ ಎಂದು ನಾನು ಸೀಟಿನ ತುದಿಗೆ ಬಂದು ಕೂತೆ.

"ಹೇಳು ಅತ್ತೆಗೆ," ಎಂದಳು ಅಮ್ಮ. ಸ್ವರ ನಡುವೆ ನಿಂತಿತು, ಮತ್ತೆ ಹೊರಟಿತು. "ಮಾವ ಹೋದಾಗ ನಾನು ಬರ್ಬೇಕಿತ್ತು ಅಂತ ಹೇಳು."

ನಾನು ಅತ್ತೆಯ ಕಡೆಗೆ ತಿರುಗಿದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

"ಕೇಳಿತು ಅಂತ ಹೇಳು," ಎಂದಳು.

ಮುಂದಿನ ಸೀಟಿನಲ್ಲಿ ಅಮ್ಮ ಮುಖ ಮುಚ್ಚಿಕೊಂಡಿದ್ದಳು. ಇನ್ನು ಹೇಳುವುದು ಬೇಕೋ ಬೇಡವೋ ತಿಳಿಯದೆ ನಾನು ಅಪ್ಪನ ಕಡೆ ನೋಡಿದೆ. ಅವರು ಹೇಳು ಎನ್ನುವಂತೆ ತಲೆಯಾಡಿಸಿದರು.

"ಅಮ್ಮಾ," ಎಂದೆ, "ಅತ್ತೆಗೆ ಕೇಳಿತಂತೆ."